ಫಾರ್ಮ್ ಸ್ಟೇ ರಿವ್ಯೂ: ರೂಮ್ ನೋಡೋಕಲ್ಲ, ಲೆಕ್ಕ ನೋಡೋಕೆ ಹೋಗಿದ್ದೆ

ನಮ್ಮ ಭಾಮೈದ ಎರಡು ವರ್ಷದಿಂದ ಒಂದೇ ರಾಗ ಹಾಡ್ತಿದಾನೆ. ಹೊಲದ ಮೂಲೇಲಿ ಎರಡು ರೂಮ್ ಕಟ್ಸಿ ಭಾವ, ಸಿಟಿಯೋರು ದುಡ್ಡು ಕೊಟ್ಟು ಸಗಣಿ ವಾಸನೆ ತಗೊಳೋಕೆ ಬರ್ತಾರೆ, ನಿಮಗೆ ಕೂತಲ್ಲೇ ಸಂಪಾದನೆ ಅಂತ. ಕೂತಲ್ಲೇ ಸಂಪಾದನೆ ಅನ್ನೋ ಮಾತು ಯಾರ ಬಾಯಿಂದ ಬಂದ್ರೂ ನಂಗೆ ಮೊದ್ಲು ಜೇಬು ಮುಟ್ಟಿ ನೋಡ್ಕೊಳ್ಳೋ ಅಭ್ಯಾಸ. ಆದ್ರೂ ಬೆಳೆ ರೇಟು ಏರೋದು ಬೀಳೋದು ನೋಡಿ ನೋಡಿ ಸುಸ್ತಾಗಿದೆ, ಸರಿ ಇದನ್ನ ಮಾಡ್ತಿರೋರ ಮನೇಲೇ ಹೋಗಿ ಇದ್ದು ನೋಡ್ಬಿಡೋಣ ಅಂತ ಎರಡು ರಾತ್ರಿಗೆ ಬುಕ್ ಮಾಡಿದ್ವಿ, ನಾನು, ನಮ್ಮನೆಯವ್ಳು, ಎರಡು ಮಕ್ಕಳು.

ಬುಕ್ ಮಾಡೋವಾಗ್ಲೇ ಫೋನ್ ಮಾಡಿ ಹೇಳಿದ್ದೆ, ನಾವೂ ಮಣ್ಣಿನೋರೇ, ಬಂದ್ರೆ ಲೆಕ್ಕದ ಬಗ್ಗೆ ತಲೆ ತಿಂತೀನಿ, ಪರವಾಗಿಲ್ವಾ ಅಂತ. ಯಜಮಾನ್ರು ನಕ್ಕು, ಬನ್ನಿ ಬನ್ನಿ, ಎಲ್ಲ ತೋರಿಸ್ತೀನಿ, ಆದ್ರೆ ಎಲ್ಲಾದ್ರೂ ಬರೆಯೋದಾದ್ರೆ ನಮ್ಮ ಹೆಸರು ಊರು ಹಾಕ್ಬೇಡಿ ಅಂದ್ರು. ಅದಕ್ಕೇ ಇಲ್ಲಿ ಎರಡೂ ಇಲ್ಲ, ಕಾಮೆಂಟಲ್ಲಿ ಕೇಳ್ಬೇಡಿ, ಹೇಳಲ್ಲ.

ಮೊದ್ಲು ದಾರಿ. ಮ್ಯಾಪ್ ನಮ್ಮನ್ನ ಸೀದಾ ಪಕ್ಕದೋರ ಹೊಲದ ಹಿಂಭಾಗಕ್ಕೆ ಕರ್ಕೊಂಡು ಹೋಗಿ 'ನೀವು ತಲುಪಿದ್ದೀರಿ' ಅಂತು. ಎದುರಿಗೆ ಒಂದು ಬೇಲಿ, ಬೇಲಿಯಾಚೆ ಒಂದು ಎಮ್ಮೆ, ಎಮ್ಮೆಗೂ ಆಶ್ಚರ್ಯ ನಮಗೂ ಆಶ್ಚರ್ಯ. ಫೋನಿಗೆ ಸಿಗ್ನಲ್ ಒಂದು ಕಡ್ಡಿ ಬರೋದು ಹೋಗೋದು. ಆಮೇಲೆ ಯಜಮಾನ್ರೇ ಬೈಕಲ್ಲಿ ಬಂದು ಕರ್ಕೊಂಡು ಹೋದ್ರು. ತಿರುವಲ್ಲಿ ಬೋರ್ಡ್ ಇದೆ ಸ್ವಾಮಿ, ಇಲ್ಲ ಅಂತಲ್ಲ, ಆದ್ರೆ ಒಂದೇ ಕಡೆಗೆ ಬರೆಸಿದಾರೆ, ನಾವು ಬಂದ ದಿಕ್ಕಿಂದ ನೋಡಿದ್ರೆ ಬರೀ ತಗಡು ಕಾಣುತ್ತೆ. ಅರ್ಧ ಸ್ಟಾರ್ ಇಲ್ಲೇ ಕಟ್.

ರೂಮು ಎರಡೇ. ಮುಂಚೆ ಗೊಬ್ಬರದ ಚೀಲ, ಪೈಪು, ಮುರಿದ ಸ್ಪ್ರೇಯರ್ ತುಂಬ್ಕೊಂಡಿದ್ದ ದಾಸ್ತಾನು ಕೋಣೇನ ಗೋಡೆ ಎಬ್ಬಿಸಿ ಎರಡು ಮಾಡಿದಾರೆ. ಹಾಸಿಗೆ ಚೆನ್ನಾಗಿದೆ, ಸೊಳ್ಳೆ ಪರದೆ ಇದೆ, ಬಾತ್‌ರೂಮ್ ಫಳಫಳ ಅಂತಿತ್ತು, ಬಿಸಿನೀರು ತಿರುಗಿಸಿದ ಕೂಡ್ಲೇ ಬಂತು. ಬಾತ್‌ರೂಮ್ ಕ್ಲೀನ್ ಇದ್ರೆ ನಮ್ಮನೆಯವ್ಳು ಉಳಿದಿದ್ದೆಲ್ಲ ಮಾಫಿ ಮಾಡ್ತಾಳೆ, ಇಲ್ಲೂ ಹಾಗೇ ಆಯ್ತು. ನೊಣ ಇದೆ. ಕೊಟ್ಟಿಗೆ ಮೂವತ್ತು ಹೆಜ್ಜೆ ದೂರ, ನೊಣ ಇಲ್ದೆ ಇರೋಕೆ ಅದೇನು ಹಸುವಿನ ಗೊಂಬೆನಾ. ಬಾಗಿಲ ಹಿಂದೆ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿದ್ರು: 'ಬೆಳಗ್ಗೆ 5ಕ್ಕೆ ಹಾಲು ಕರೆಯೋ ಮಿಷನ್ ಶಬ್ದ ಬರುತ್ತೆ. ಕೋಳಿ ಅದಕ್ಕೂ ಮುಂಚೆ ಕೂಗುತ್ತೆ. ಅದರ ಮೇಲೆ ನಮ್ಮ ಕಂಟ್ರೋಲ್ ಇಲ್ಲ.' ಯಾಕೆ ಅಂತ ಕೇಳಿದ್ರೆ, ಯಾರೋ ಪುಣ್ಯಾತ್ಮರು ಕೋಳಿ ಕೂಗಿ ನಿದ್ದೆ ಕೆಡ್ತು ಅಂತ ಒಂದೇ ಸ್ಟಾರ್ ಕೊಟ್ಟು ಹೋಗಿದ್ರಂತೆ, ಅದು ಇನ್ನೂ ಪೇಜಲ್ಲಿ ಹಾಗೇ ಇದೆ.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ. ಹೊಲದಲ್ಲಿ ಅವತ್ತು ಏನಿತ್ತೋ ಅದೇ ತಟ್ಟೆಗೆ ಬಂತು, ಬಿಸಿಯಾಗಿತ್ತು, ಸಾಕಷ್ಟಿತ್ತು. ಮೆನು ಕಾರ್ಡ್ ಬೇಕು ಅನ್ನೋರು ಹೋಟ್ಲಿಗೆ ಹೋಗಿ.

ಈಗ ಅಸಲು ವಿಷಯ. ಮಕ್ಕಳಿಗೆ ಹಾಲು ಕರೆಯೋದು ತೋರಿಸ್ತೀವಿ ಅಂತ ಪೇಜಲ್ಲಿ ಹಾಕಿದ್ರಲ್ಲ, ಬೆಳಗ್ಗೆ ಐದಕ್ಕೇ ಎದ್ದು ಓಡಿದ್ವಿ. ಯಜಮಾನ್ರು ಕೊಟ್ಟಿಗೆ ಬಾಗಿಲಲ್ಲೇ ತಡೆದ್ರು, ಆರೂವರೆಗೆ ಬನ್ನಿ ಅಂತ. ಮಗಳು ಮುಖ ಊದಿಸ್ಕೊಂಡ್ಳು, ನಂಗೂ ಒಂಥರಾ ಅನ್ನಿಸ್ತು, ದುಡ್ಡು ತಗೊಂಡು ಇದೇನು ಅಂತ. ಆರೂವರೆಗೆ ಹೋದಾಗ ಗೊತ್ತಾಯ್ತು. ಎಂಟು ಹಸು, ಅದರಲ್ಲಿ ಏಳನ್ನ ಮುಂಚೆನೇ ಕರೆದು ಮುಗಿಸಿರ್ತಾರೆ, ಗೆಸ್ಟ್‌ಗಳಿಗೆ ಅಂತ ಒಂದು ವಯಸ್ಸಾದ ಸಾಧು ಹಸು ಉಳಿಸಿರ್ತಾರೆ. ಹಸುವಿಗೆ ಗಾಬರಿಯಾದ್ರೆ ಹಾಲು ಇಳಿಯಲ್ಲ, ಇದು ಹಸು ಸಾಕಿದ ಎಲ್ರಿಗೂ ಗೊತ್ತು. ಕೆಚ್ಚಲು ತೊಳೆದು ಸವರಿದಾಗ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಹರಿದು ಹಾಲು ಇಳಿಯುತ್ತೆ, ಹೊಸ ಮುಖ, ಗಲಾಟೆ, ಫೋನಿನ ಫ್ಲಾಶ್ ಎಲ್ಲ ಸೇರಿದ್ರೆ ಗಾಬರಿಯ ಹಾರ್ಮೋನ್ ಅಡ್ರಿನಲಿನ್ ಎದ್ದು ಅದನ್ನ ತಡೆದುಬಿಡುತ್ತೆ. ಮೊದಲ ವರ್ಷ ಎಲ್ಲಾ ಹಸುಗಳ ಹತ್ರನೂ ಗೆಸ್ಟ್‌ಗಳನ್ನ ಬಿಟ್ಟು ಡೈರಿಗೆ ಹಾಕೋ ಹಾಲೇ ಕಮ್ಮಿ ಆಗೋಯ್ತಂತೆ. ಗೆಸ್ಟಿಂದ ಬಂದ ದುಡ್ಡು ಒಂದು ಕೈಲಿ, ಹಾಲಿಂದ ಹೋದ ದುಡ್ಡು ಇನ್ನೊಂದು ಕೈಲಿ.

ಆ ಮುದಿ ಹಸು ಮಾತ್ರ ದೇವರು. ನನ್ನ ಮಗ ಮೊಲೆ ಹಿಡಿದು ಎಳೆದ ಎಳೆತಕ್ಕೆ ಬೇರೆ ಹಸು ಆಗಿದ್ರೆ ಬಕೆಟ್ ಸಮೇತ ಒದೀತಿತ್ತು, ಇದು ಒಂದ್ಸಲ ತಿರುಗಿ ನೋಡಿ ಮತ್ತೆ ಮೆಲುಕು ಹಾಕ್ತಾ ನಿಂತ್ಕೊಳ್ತು. ಕೊನೆಗೆ ಬಂದಿದ್ದು ಒಂದು ಲೋಟದ ತಳ ಮುಚ್ಚುವಷ್ಟು, ಅವನ ಖುಷಿ ನೋಡ್ಬೇಕಿತ್ತು. ಈ ಹಸು ಈಗ ಹಾಲು ಕೊಡೋದಕ್ಕಿಂತ ಜಾಸ್ತಿ ಸಂಪಾದನೆ ಸುಮ್ನೆ ನಿಂತ್ಕೊಂಡು ಮಾಡ್ತಿದೆ ಅಂದ್ರು ಯಜಮಾನ್ರು. ಕೂತಲ್ಲೇ ಸಂಪಾದನೆ ಯಾರಿಗಾದ್ರೂ ಇದ್ರೆ ಅದಕ್ಕೊಂದಕ್ಕೇ, ಅದೂ ನಿಂತಲ್ಲಿ.

ಕರು ಕಟ್ಟೋ ಜಾಗದ ಪಕ್ಕದಲ್ಲೇ ನಲ್ಲಿ, ಸೋಪು, ಮಕ್ಕಳ ಎತ್ತರಕ್ಕೇ ಸಿಂಕು. ಕರು ಮುಟ್ಟಿದೋರು ಕೈ ತೊಳೀದೆ ಆಚೆ ಬರೋ ಹಾಗಿಲ್ಲ, ಅಕ್ಕ (ಯಜಮಾನ್ರ ಹೆಂಡ್ತಿ) ನಿಂತ್ಕೊಂಡು ನೋಡ್ತಾರೆ. ಸ್ಯಾನಿಟೈಸರ್ ಇದೆ ಅಂತ ನಮ್ಮನೆಯವ್ಳು ಬಾಟ್ಲಿ ತೆಗೆದ್ರೆ, ಅದು ನಡೆಯಲ್ಲ, ಸೋಪು ನೀರೇ ಆಗ್ಬೇಕು ಅಂದ್ರು. ಇದು ಅತೀ ಆಯ್ತು ಅನ್ನೋರಿಗೆ ಒಂದು ಮಾತು. 2009ರಲ್ಲಿ ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿ ಪ್ರಾಣಿ ಮುಟ್ಟಿ ಆಡೋಕೆ ಬಿಡೋ ಒಂದು ಫಾರ್ಮಿಂದ ಇ-ಕೋಲೈ ಒ157 ಅನ್ನೋ ಬ್ಯಾಕ್ಟೀರಿಯಾ ಹರಡಿ 93 ಜನಕ್ಕೆ ತಗುಲ್ತು, ಹೆಚ್ಚಿನೋರು ಚಿಕ್ಕ ಮಕ್ಕಳು, ಕೆಲವರ ಕಿಡ್ನಿಗೇ ಪೆಟ್ಟು ಬಿತ್ತು. ಹಸು ಕುರಿ ಮೇಕೆ ನೋಡೋಕೆ ಆರೋಗ್ಯವಾಗೇ ಇರ್ತವೆ, ಆದ್ರೂ ಅದರ ಸಗಣಿ ಹಿಕ್ಕೇಲಿ ಇದು ಇರಬಹುದು. ಆ ಸಿಂಕಿಗೆ ನಾನು ಪೂರ್ತಿ ಒಂದು ಸ್ಟಾರ್ ಕೊಡ್ತೀನಿ. ನೀವು ಎಲ್ಲಿಗೇ ಹೋದ್ರೂ ಮೊದ್ಲು ಸಿಂಕ್ ಎಲ್ಲಿದೆ ನೋಡಿ, ಆಮೇಲೆ ಕರು ನೋಡಿ.

ಟ್ರ್ಯಾಕ್ಟರ್ ಸವಾರಿ ಬಗ್ಗೆ ಒಂದು ಕಂಪ್ಲೇಂಟು, ಒಂದು ಶಹಬ್ಬಾಸ್. ಬುಕ್ ಮಾಡಿದ ಆ್ಯಪಲ್ಲಿ ಎಲ್ಲ ಸೇರಿ ಅಂತಿತ್ತು, ಇಲ್ಲಿ ಬಂದ್ರೆ ಸವಾರಿಗೆ ಬೇರೆ. ಯಜಮಾನ್ರು ನಾವು ಹಾಗೆ ಹಾಕೇ ಇಲ್ಲ, ಆ್ಯಪಿನೋರೇ ಹಾಕ್ಕೊಂಡಿದಾರೆ, ಮೂರ್ಸಲ ಹೇಳಿದ್ರೂ ತೆಗೆದಿಲ್ಲ ಅಂದ್ರು. ಯಾರದ್ದೇ ತಪ್ಪಾಗ್ಲಿ, ಗೆಸ್ಟಿಗೆ ಉರಿಯೋದು ಉರಿಯುತ್ತೆ. ಶಹಬ್ಬಾಸ್ ಯಾಕಂದ್ರೆ, ನನ್ನ ಮಗ ಮಡ್‌ಗಾರ್ಡ್ ಮೇಲೆ ಕೂತ್ಕೊಳ್ತೀನಿ ಅಂತ ಅತ್ತು ಕರೆದ್ರೂ ಅವ್ರು ಬಿಡ್ಲಿಲ್ಲ. ಸುತ್ತ ಎದೆ ಮಟ್ಟಕ್ಕೆ ಕಟಕಟೆ ಹಾಕಿದ ಟ್ರೈಲರ್, ಒಳಗೆ ಹುಲ್ಲಿನ ಮೂಟೆ, ಅದರ ಮೇಲೇ ಕೂರ್ಬೇಕು, ನಡಿಗೆ ಸ್ಪೀಡಲ್ಲೇ ಓಡಿಸ್ತಾರೆ. ಟ್ರ್ಯಾಕ್ಟರಲ್ಲಿ ಡ್ರೈವರ್ ಸೀಟು ಒಂದೇ, ಮಡ್‌ಗಾರ್ಡ್ ಯಾವತ್ತೂ ಸೀಟಲ್ಲ. ನಮ್ಮ ಮನೇಲಿ ನಾವೇ ದಿನಾ ಮಕ್ಕಳನ್ನ ಅಲ್ಲೇ ಕೂರಿಸ್ಕೊಂಡು ಹೋಗ್ತೀವಿ, ಅವತ್ತು ಸ್ವಲ್ಪ ನಾಚಿಕೆ ಆಯ್ತು.

ಹಣ್ಣು ತರಕಾರಿ ನೀವೇ ಕಿತ್ಕೊಳ್ಳಿ ಅನ್ನೋ ಐಟಂ ಒಂದಿದೆ, ಬುಟ್ಟಿ ಕೊಡ್ತಾರೆ, ಕಿತ್ತಿದ್ದನ್ನ ತೂಕ ಹಾಕಿ ದುಡ್ಡು. ಕೇಳೋಕೆ ಎಷ್ಟು ಚೆನ್ನಾಗಿದೆ, ಕೀಳೋ ಕೂಲಿ ಉಳೀತು, ಸಾಗಣೆ ಉಳೀತು, ಗಿರಾಕಿನೇ ಹೊಲಕ್ಕೆ ಬಂದು ದುಡ್ಡು ಕೊಟ್ಟು ಹೋಗ್ತಾನೆ. ಹೋಗಿ ನೋಡಿ. ನನ್ನ ಕಣ್ಣ ಮುಂದೆನೇ ಪಕ್ಕದ ರೂಮಿನ ಹುಡ್ಗ ಒಂದು ಟೊಮೆಟೊ ಕೀಳೋಕೆ ಗೊಂಚಲು ಗೊಂಚಲೇ ಎಳೆದ, ಎರಡು ಹಣ್ಣು ಬುಟ್ಟಿಗೆ, ನಾಲ್ಕು ಕಾಯಿ ನೆಲಕ್ಕೆ, ಬಳ್ಳಿ ಕಟ್ಟಿದ ದಾರ ಕಿತ್ತೋಯ್ತು. ಅವರಪ್ಪ ಸೆಲ್ಫಿಗೆ ಅಂತ ಹಿಂದಕ್ಕೆ ಹೋಗ್ತಾ ಹೋಗ್ತಾ ಪಾತಿ ಮೇಲೇ ಕಾಲಿಟ್ಟು ನಿಂತ. ನಂಗೆ ನನ್ನ ಹೊಲನೇ ತುಳಿದಂಗೆ ಆಯ್ತು, ಬಾಯಿ ತುದಿಗೆ ಬಂತು, ಗೆಸ್ಟ್ ಆಗಿದೀನಲ್ಲ ಅಂತ ನುಂಗ್ಕೊಂಡೆ. ಅಕ್ಕ ಮಾತ್ರ ಆರಾಮಾಗಿದ್ರು. ಆಮೇಲೆ ಹೇಳಿದ್ರು, ದಾರಿ ಪಕ್ಕದ ಎರಡು ಸಾಲು ಗೆಸ್ಟ್‌ಗಳ ಪಾಲು ಅಂತ ಬಿಟ್ಬಿಟ್ಟಿದಾರೆ, ಅದರಲ್ಲಿ ಫಸಲು ಎಷ್ಟು ಬಂದ್ರೂ ಲೆಕ್ಕಕ್ಕಿಲ್ಲ, ಒಳಗಿನ ಸಾಲಿಗೆ ಯಾರೂ ಹೋಗೋ ಹಾಗಿಲ್ಲ. ಆ ಎರಡು ಸಾಲನ್ನೂ ಒಂದೇ ಸಲ ನಾಟಿ ಮಾಡಲ್ಲ, ಹದಿನೈದು ದಿನಕ್ಕೊಂದು ತುಂಡು ಅಂತ ಮಾಡ್ತಾರೆ, ಯಾವಾಗ ಬಂದ್ರೂ ಕೀಳೋಕೆ ಏನಾದ್ರೂ ಇರ್ಲಿ ಅಂತ. ಮಾರ್ಕೆಟ್ಟಿಗೆ ಬೆಳೆಯೋನು ಒಂದೇ ಸಲ ಎಲ್ಲ ಬರ್ಲಿ ಅಂತಾನೆ, ಗೆಸ್ಟಿಗೆ ಬೆಳೆಯೋನು ಯಾವತ್ತೂ ಪೂರ್ತಿ ಮುಗೀಬಾರ್ದು ಅಂತಾನೆ. ಇದು ಬೇರೆಯದ್ದೇ ಬೇಸಾಯ, ನನ್ನ ತಲೆಗೆ ಇದು ಹೊಳೆದೇ ಇರ್ಲಿಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ಜಗಲಿ ಮೇಲೆ ಕೂತ್ವಿ. ಯಜಮಾನ್ರು ಎರಡು ನೋಟ್‌ಬುಕ್ ತಂದಿಟ್ರು, ಕೆಂಪು ರಟ್ಟಿನದು ಹೊಲದ್ದು, ನೀಲಿ ರಟ್ಟಿನದು ಗೆಸ್ಟ್‌ಗಳದ್ದು. ದುಡ್ಡಿನ ಅಂಕಿ ಇಲ್ಲಿ ಹಾಕಲ್ಲ ಅಂತ ಮಾತು ಕೊಟ್ಟಿದೀನಿ, ಅದಕ್ಕೆ ನೂರರ ಲೆಕ್ಕದಲ್ಲಿ ಹೇಳ್ತೀನಿ.

ಮೊದ್ಲು ರೂಮು ತುಂಬೋದು. ಎರಡು ರೂಮ್, 365 ರಾತ್ರಿ, ಒಟ್ಟು 730 ರೂಮ್-ರಾತ್ರಿ. ಹೋದ ವರ್ಷ ಹೋಗಿದ್ದು 160. ನೂರಕ್ಕೆ ಇಪ್ಪತ್ತೆರಡು. ಕೊಯ್ಲು ಇಲ್ದೆ ಖಾಲಿ ಇರೋ ಕಾಲದಲ್ಲಿ ಗೆಸ್ಟ್ ಬಂದ್ರೆ ಪುಣ್ಯ ಅಂತೀವಲ್ಲ, ಅವಾಗ ಯಾರೂ ಬರಲ್ಲ, ಯಾಕಂದ್ರೆ ನೋಡೋಕೆ ಏನೂ ಇರಲ್ಲ. ಹೊಲ ತುಂಬಿ ನಿಮಗೆ ಉಸಿರಾಡೋಕೂ ಪುರ್ಸೊತ್ತಿಲ್ಲದ ವಾರವೇ ಎರಡೂ ರೂಮ್ ಫುಲ್ಲು. ಅದೂ ಶನಿವಾರ ಭಾನುವಾರ ಮಾತ್ರ, ಸೋಮವಾರದಿಂದ ಗುರುವಾರದವರೆಗೆ ಹಾಸಿಗೆ ಮೇಲೆ ಬೆಕ್ಕು ಮಲಗಿರುತ್ತೆ.

ಗೆಸ್ಟ್‌ಗಳಿಂದ ಬಂದ ದುಡ್ಡು ನೂರು ಅಂತ ಇಟ್ಕೊಳ್ಳಿ. ರೂಮಿಂದ 50, ಊಟದಿಂದ 20, ಸವಾರಿ ಗಿವಾರಿ ಎಲ್ಲ ಸೇರಿ 5, ವಾಪಸ್ ಹೋಗ್ತಾ ಕಟ್ಟಿಸ್ಕೊಂಡು ಹೋಗೋ ತರಕಾರಿ, ಮೊಟ್ಟೆ, ಜೇನುತುಪ್ಪ 25. ಖರ್ಚು 45: ಆ್ಯಪಿನ ಕಮಿಷನ್, ಬೆಡ್‌ಶೀಟ್ ತೊಳೆಸೋದು, ಕರೆಂಟು, ರಿಪೇರಿ, ಕ್ಲೀನಿಂಗಿಗೆ ಬರೋರ ಸಂಬಳ, ರೂಮ್ ಕಟ್ಟೋಕೆ ಮಾಡಿದ ಸಾಲದ ಬಡ್ಡಿ, ಇನ್ಶೂರೆನ್ಸು. (ಇನ್ಶೂರೆನ್ಸ್ ಬಗ್ಗೆ ಕೇಳಿ ನಂಗೆ ಗಾಬರಿ ಆಯ್ತು. ಮನೆ ಮೇಲೆ ಮಾಡ್ಸಿರೋ ಮಾಮೂಲಿ ಪಾಲಿಸಿ ದುಡ್ಡು ಕೊಟ್ಟು ಬರೋ ಗೆಸ್ಟಿಗೆ ಏನಾದ್ರೂ ಆದ್ರೆ ಸಾಮಾನ್ಯವಾಗಿ ಕವರ್ ಮಾಡಲ್ಲ, ಬೇರೆ ಮಾಡಿಸ್ಬೇಕು. ಹೀಗೊಂದಿದೆ ಅಂತ ನಮ್ಮ ಭಾಮೈದನಿಗೆ ಖಂಡಿತ ಗೊತ್ತಿರಲ್ಲ.) ಉಳಿದಿದ್ದು 55. ಪರವಾಗಿಲ್ವಲ್ಲ, ಬೇಸಾಯದಲ್ಲಿ ನೂರಕ್ಕೆ 55 ಯಾವ ಬೆಳೆ ಕೊಡುತ್ತೆ ಅಂದೆ.

ಆವಾಗ ಒಳಗಿಂದ ಅಕ್ಕ, ಕೈ ಒರೆಸ್ಕೊಳ್ತಾ ಬಂದು ಕಂಬಕ್ಕೆ ಒರಗಿ ನಿಂತ್ರು. 'ನನ್ನ ಕೂಲಿ ಯಾವ ಪುಸ್ತಕದಲ್ಲಿದೆ ಕೇಳಿ ಸ್ವಲ್ಪ' ಅಂದ್ರು. ನನಗಲ್ಲ, ನನ್ನ ಮೂಲಕ ಯಜಮಾನ್ರಿಗೆ. ಯಜಮಾನ್ರು ಕೆಂಪು ಪುಸ್ತಕ ತೆರೆದು ಮುಚ್ಚಿದ್ರು, ನೀಲಿ ಪುಸ್ತಕದ ಮೇಲೆ ಕೈ ಇಟ್ರು, ಏನೂ ಹೇಳ್ಲಿಲ್ಲ. ನಮ್ಮನೆಯವ್ಳು ಪಕ್ಕದಲ್ಲೇ ಇದ್ಳು, ನನ್ನ ಕಡೆ ಒಂದು ನೋಟ ನೋಡಿದ್ಳು, ಆ ನೋಟದ ರಿವ್ಯೂ ಬೇರೆನೇ ಬರೀಬೇಕು.

ಸರಿ ಲೆಕ್ಕ ಹಾಕೇ ಬಿಡೋಣ ಅಂತ ಕೂತ್ವಿ. ಒಂದು ರೂಮ್-ರಾತ್ರಿಗೆ ಅಡುಗೆ, ಬಡಿಸೋದು, ಪಾತ್ರೆ, ಹಾಸಿಗೆ ಹಾಕೋದು, ಕರ್ಕೊಂಡು ಹೋಗಿ ಹೊಲ ತೋರಿಸೋದು, ಫೋನಿಗೆ ಉತ್ತರ ಕೊಡೋದು, ಗೆಸ್ಟ್ ಎದ್ದು ಹೋಗೋವರೆಗೂ ಜೊತೇಲಿ ಕೂತು ಮಾತಾಡೋದು (ಇದೂ ಕೆಲಸವೇ, ನಂಬಿ), ಎಲ್ಲ ಸೇರಿ ಮನೆಯೋರದ್ದು ಕಮ್ಮಿ ಅಂದ್ರೂ ನಾಲ್ಕು ಗಂಟೆ. ಅದರಲ್ಲಿ ಮೂರು ಅಕ್ಕನದ್ದೇ. 160 ರಾತ್ರಿಗೆ 640 ಗಂಟೆ, ದಿನಕ್ಕೆ ಎಂಟು ಗಂಟೆ ಅಂತ ಹಿಡಿದ್ರೆ 80 ದಿನ. ಈ 80 ದಿನಕ್ಕೆ ಅಡುಗೆಯೋರನ್ನ ಇಟ್ರೆ ಕೊಡೋ ರೇಟಲ್ಲೇ ಸಂಬಳ ಹಾಕಿದ್ರೆ ಆ 55ರಲ್ಲಿ 30 ಹೋಯ್ತು. ಉಳೀತು 25. ಆ 25 ಯಾವುದು ನೋಡಿ, ಹೋಗ್ತಾ ಕಟ್ಟಿಸ್ಕೊಂಡು ಹೋದ ಸಾಮಾನಿನ ದುಡ್ಡೂ 25. ಅಂದ್ರೆ ರೂಮು ಊಟ ಸವಾರಿ ಎಲ್ಲ ಸೇರಿ ತನ್ನ ಖರ್ಚು ತನ್ನ ಕೂಲಿ ತಾನು ತೂಗಿಸ್ಕೊಂಡಿದೆ, ಅಷ್ಟೇ. ಅದರ ಮೇಲೆ ಒಂದು ಕಾಸೂ ಇಲ್ಲ.

ಆ 25ರಲ್ಲೂ ನಾನು ಸುಮ್ನಿರ್ಲಿಲ್ಲ, ಅದೇ ತರಕಾರಿ ಮಾರ್ಕೆಟ್ಟಿಗೆ ಹಾಕಿದ್ರೂ ಏನೋ ಒಂದು ಬರ್ತಿತ್ತಲ್ಲ, ಅದನ್ನ ಕಳೀರಿ ಅಂದೆ. ಕಳೆದ್ರೆ ಇನ್ನೂ ಸಣ್ಣದಾಯ್ತು. ಯಜಮಾನ್ರ ಮುಖನೂ.

ಇಷ್ಟಕ್ಕೇ ನಿಂತಿದ್ರೆ ನಾನು ಒಂದು ಸ್ಟಾರ್ ಕೊಟ್ಟು ಭಾಮೈದನಿಗೆ ಲಿಂಕ್ ಕಳಿಸಿ ಮಲಗ್ತಿದ್ದೆ. ಆದ್ರೆ ಕೆಂಪು ಪುಸ್ತಕ ತಿರುವಿ ಹಾಕ್ತಾ ಕೂತಿದ್ದಾಗ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಕಾಣಿಸ್ತು, ತಿಂಗಳು ತಿಂಗಳು ಹೆಸರು, ಎದುರಿಗೆ ಕೆ.ಜಿ, ಡಬ್ಬಿ, ಟಿಕ್ ಮಾರ್ಕು. ಇದೇನು ಅಂದೆ. ಓ ಅದಾ, ಅದು ಖಾಯಂ ಗಿರಾಕಿಗಳು, ತಿಂಗಳಿಗೆರಡು ಸಲ ಪಾರ್ಸೆಲ್ ಹೋಗುತ್ತೆ, 40 ಮನೆ ಅಂದ್ರು. ಇವ್ರೆಲ್ಲ ಹೇಗೆ ಸಿಕ್ಕಿದ್ರು? ಇಲ್ಲಿ ಬಂದು ಉಳ್ಕೊಂಡು ಹೋದೋರೇ, ಇಲ್ಲಾಂದ್ರೆ ಅವ್ರು ಹೇಳಿ ಸೇರ್ಕೊಂಡೋರು. ಮತ್ತೆ ಇದ್ಯಾಕೆ ಕೆಂಪು ಪುಸ್ತಕದಲ್ಲಿ? ತರಕಾರಿ ಅಲ್ವಾ, ಹೊಲದ್ದು, ಅದಕ್ಕೆ ಅಂದ್ರು!

ನೋಡಿ ಹಿಂಗಾಗುತ್ತೆ. ಗೆಸ್ಟ್ ಬಂದಿದ್ರಿಂದ ಆದ ದೊಡ್ಡ ಲಾಭ ತಪ್ಪು ಪುಸ್ತಕದಲ್ಲಿ ಕೂತಿದೆ, ಗೆಸ್ಟ್ ಬಂದಿದ್ರಿಂದ ಆದ ದೊಡ್ಡ ಖರ್ಚು ಯಾವ ಪುಸ್ತಕದಲ್ಲೂ ಇಲ್ಲ. ನೀಲಿ ಪುಸ್ತಕ ನೋಡಿ ಯಾರಾದ್ರೂ ರೂಮ್ ಕಟ್ಟಿಸಿದ್ರೆ ಎರಡು ಕಡೆಯಿಂದ್ಲೂ ಮೋಸ. ಆ 40 ಮನೆಯ ಪಾರ್ಸೆಲ್ಲಲ್ಲಿ ದಲ್ಲಾಳಿ ಇಲ್ಲ, ಆ್ಯಪಿನ ಕಮಿಷನ್ ಇಲ್ಲ, ಮಾರ್ಕೆಟ್ಟಲ್ಲಿ ಬೆಳಗಿನ ಜಾವ ರೇಟು ಬಿದ್ದೋಯ್ತು ಅನ್ನೋ ಮಾತಿಲ್ಲ, ವಾರದ ಮಧ್ಯೆ ಖಾಲಿ ಅನ್ನೋದಿಲ್ಲ, ಮುಖ್ಯವಾಗಿ ಅಕ್ಕ ಬಡಿಸೋದಿಲ್ಲ. ಆ ಮನೆಯೋರು ಒಂದ್ಸಲ ಬಂದು ಬದುವಿನ ಮೇಲೆ ಕಾಲಿಟ್ಟು ನೋಡಿದಾರೆ, ಗೊಬ್ಬರದ ಗುಂಡಿ ನೋಡಿದಾರೆ, ಮಗು ಕೈಲಿ ಹಾಲು ಕರೆಸಿದಾರೆ, ಆ ನಂಬಿಕೆ ಮೇಲೆ ವರ್ಷಗಟ್ಟಲೆ ತರಿಸ್ಕೊಳ್ತಾರೆ. ಹಾಗೆ ನೋಡಿದ್ರೆ ಆ ರೂಮೆರಡು ಅಂಗಡಿ ಮುಂದಿನ ಜಗಲಿ ಇದ್ದಂಗೆ. ಜಗಲಿಯಿಂದ ಬಾಡಿಗೆ ಬರುತ್ತೆ ಅಂತ ಯಾರೂ ಅಂಗಡಿ ಇಡಲ್ಲ.

ಇದು ಇವ್ರ ಒಬ್ಬರ ಕಥೆನಾ ಅಂತ ಊರಿಗೆ ಬಂದ ಮೇಲೆ ಸ್ವಲ್ಪ ಕೆದಕಿದೆ. ಅಮೆರಿಕದಲ್ಲಿ ಐದು ವರ್ಷಕ್ಕೊಂದ್ಸಲ ಕೃಷಿ ಗಣತಿ ಮಾಡ್ತಾರೆ, ಅದರಲ್ಲಿ ಇದಕ್ಕೆ ಬೇರೆ ಕಾಲಂ ಇದೆ. 2022ರ ಗಣತೀಲಿ ಸುಮಾರು 19 ಲಕ್ಷ ಫಾರ್ಮುಗಳಲ್ಲಿ ಕೃಷಿ ಪ್ರವಾಸದಿಂದ ಆದಾಯ ಇದೆ ಅಂದಿದ್ದು ಬರೀ 28,600 ಚಿಲ್ಲರೆ. ನೂರಕ್ಕೆ ಎರಡೂ ಇಲ್ಲ. ಅವ್ರ ಒಟ್ಟು ಆದಾಯ 126 ಕೋಟಿ ಡಾಲರ್, 2017ರಲ್ಲಿ ಹತ್ತಿರ ಹತ್ತಿರ 95 ಕೋಟಿ ಇತ್ತು. ತಮಾಷೆ ಏನಂದ್ರೆ 2017ರಲ್ಲೂ ಫಾರ್ಮುಗಳ ಸಂಖ್ಯೆ ಹೆಚ್ಚುಕಮ್ಮಿ ಇಷ್ಟೇ. ದುಡ್ಡು ಮೂರನೇ ಒಂದು ಭಾಗ ಏರಿದೆ, ಮಾಡೋರು ಏರಿಲ್ಲ. ಭಾಮೈದ ಹೇಳೋ ಹಾಗೆ ಅಷ್ಟು ಸುಲಭ ಇದ್ದಿದ್ರೆ ಇಷ್ಟೊತ್ತಿಗೆ ಎಲ್ರೂ ರೂಮ್ ಕಟ್ಸಿರ್ತಿದ್ರು. ಅದೇ ಗಣತೀಲಿ ಬಳಕೆದಾರರಿಗೆ ನೇರವಾಗಿ ಮಾರಿದ ಫಾರ್ಮುಗಳು 1 ಲಕ್ಷ 16 ಸಾವಿರದ ಮೇಲೆ, ಮಾರಾಟ 330 ಕೋಟಿ ಡಾಲರ್. ಇದರಲ್ಲಿ ಸಂತೇಲಿ ಮಾರಿದ್ದೂ ಸೇರಿರುತ್ತೆ, ಎಲ್ಲಾ ಗೆಸ್ಟಿಂದಲೇ ಬಂತು ಅಂತಲ್ಲ, ಆದ್ರೆ ಕೆಂಪು ಪುಸ್ತಕ ನೀಲಿ ಪುಸ್ತಕದ ತೂಕ ಅಲ್ಲೂ ಹಿಂಗೇ ಇದೆ.

ಇಟಲಿಯೋರದ್ದು ಇನ್ನೂ ಮಜಾ. ಅಲ್ಲಿ ಇದಕ್ಕೆ ಅಗ್ರಿಟೂರಿಸ್ಮೊ ಅಂತಾರೆ, 1985ರಲ್ಲೇ ರಾಷ್ಟ್ರಮಟ್ಟದ ಕಾನೂನು ಮಾಡಿದ್ರು, 2006ರಲ್ಲಿ ಅದರ ಜಾಗಕ್ಕೆ ಹೊಸದು ತಂದ್ರು. ಇವತ್ತು 25 ಸಾವಿರಕ್ಕೂ ಜಾಸ್ತಿ ಇದಾವೆ. ಕಾನೂನಿನ ತಿರುಳು ಏನಂದ್ರೆ ಇದನ್ನ ರೈತನೇ ಮಾಡ್ಬೇಕು, ಮತ್ತೆ ಬೇಸಾಯವೇ ಮುಖ್ಯ ಕಸುಬಾಗಿರ್ಬೇಕು, ಗೆಸ್ಟ್ ಕೆಲಸ ಅದರ ಬೆನ್ನಿಗೆ. ಮುಖ್ಯ ಯಾವುದು ಅಂತ ಅಳೆಯೋದು ಹೇಗೆ? ಅಲ್ಲೇ ಇರೋದು ಚಂದ. ದುಡ್ಡು ಎಷ್ಟು ಬಂತು ಅಂತ ನೋಡೋದಕ್ಕಿಂತ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯ್ತು ಅಂತ ನೋಡ್ತಾರೆ. ಹತ್ತು ಗೆಸ್ಟಿನ ಒಳಗಿದ್ರೆ ಬೇಸಾಯವೇ ಮುಖ್ಯ ಅಂತ ಕಾನೂನೇ ಒಪ್ಕೊಂಡುಬಿಡುತ್ತೆ, ಅದಕ್ಕಿಂತ ಮೇಲೆ ಹೋದ್ರೆ ಗಂಟೆ ಲೆಕ್ಕ ಕೊಡ್ಬೇಕು. ನಮ್ಮ ಅಕ್ಕ ಕಂಬಕ್ಕೆ ಒರಗಿ ಕೇಳಿದ್ರಲ್ಲ, ಅದೇ ಪ್ರಶ್ನೆ, ಕಾನೂನಿನ ಭಾಷೇಲಿ.

ಇನ್ನೊಂದು ತುದಿಗೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್ ಇದೆ. ವಾಲ್ಟರ್ ನಾಟ್ ಅನ್ನೋ ರೈತ ರಸ್ತೆ ಬದೀಲಿ ಬೆರ್ರಿ ಹಣ್ಣು ಮಾರ್ತಿದ್ದ. 1934ರಲ್ಲಿ, ಆರ್ಥಿಕ ಕುಸಿತದ ಕಾಲ, ಹೆಂಡ್ತಿ ಕಾರ್ಡೀಲಿಯಾ ಮದುವೇಲಿ ಬಂದ ಪಿಂಗಾಣಿ ತಟ್ಟೆ ತೆಗೆದು ಮೊದಲ ದಿನ ಎಂಟು ಜನಕ್ಕೆ ಕೋಳಿ ಊಟ ಬಡಿಸಿದ್ಳು. ಆಮೇಲೆ ಕ್ಯೂ ಬೆಳೀತು, ಗಂಟೆಗಟ್ಟಲೆ ಕಾಯೋರಿಗೆ ಬೇಜಾರಾಗದಿರ್ಲಿ ಅಂತ 1940ರಿಂದ ಗಂಡ ಹಳೇ ಕಾಲದ ಊರಿನ ಸೆಟ್ ಕಟ್ಟೋಕೆ ಶುರು ಮಾಡಿದ, ಹಂಗೇ ಬೆಳೀತಾ ಬೆಳೀತಾ ಈಗ ಅದು ರೋಲರ್ ಕೋಸ್ಟರ್ ಓಡೋ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕು. ಹೆಸರಲ್ಲಿ ಫಾರ್ಮ್ ಉಳ್ಕೊಂಡಿದೆ. ಬೇಡ ಅಂತ ನಾನು ಹೇಳಲ್ಲ, ಅವ್ರಿಗೆ ಒಳ್ಳೇದೇ ಆಯ್ತು. ಆದ್ರೆ ಅಲ್ಲೂ ಶುರುವಾಗಿದ್ದು ಹೆಂಡ್ತಿಯ ಒಲೆ ಮುಂದೆ ಅನ್ನೋದನ್ನ ಗಮನಿಸಿ.

ಇನ್ನು ಒಂದು ಮಾತು ಎಲ್ರೂ ಹೇಳ್ತಾರೆ, ಬೆಳೆ ಕೈಕೊಟ್ರೆ ಗೆಸ್ಟ್ ಇರ್ತಾರೆ, ಎರಡು ಕಾಲಿನ ಮೇಲೆ ನಿಂತಂಗೆ ಅಂತ. ಅರ್ಧ ನಿಜ. ರೇಟು ಬಿದ್ರೆ ಗೆಸ್ಟ್ ಕಾಪಾಡ್ತಾರೆ, ಹೌದು. ಆದ್ರೆ ಮಳೆ ಹಿಡ್ಕೊಂಡು ಬೆಳೆ ಕೊಳೆಯೋ ವಾರವೇ ಗೆಸ್ಟ್ ಕ್ಯಾನ್ಸಲ್ ಮಾಡೋದು. ಇವ್ರಿಗೆ ಹೋದ ವರ್ಷ ಹಂಗೇ ಆಯ್ತಂತೆ, ಒಂದೇ ಶುಕ್ರವಾರ ಎರಡೂ ಹೋಯ್ತು. 2001ರಲ್ಲಿ ಬ್ರಿಟನ್ನಲ್ಲಿ ಕಾಲುಬಾಯಿ ಜ್ವರ ಬಂದು 60 ಲಕ್ಷದ ಮೇಲೆ ದನ ಕುರಿ ಹಂದಿ ಕೊಂದ್ರಲ್ಲ, ಆವಾಗ ಹಳ್ಳಿ ಕಡೆಯ ಕಾಲುದಾರಿಗಳನ್ನೆಲ್ಲ ಮುಚ್ಚಿದ್ರು, ಜನ ಬರೋದೇ ನಿಂತೋಯ್ತು, ಒಂದೂ ಪ್ರಾಣಿಗೆ ಜ್ವರ ಬರದ ಫಾರ್ಮಿನೋರ ರೂಮುಗಳೂ ಖಾಲಿ. ಇಲ್ಲಿ ಯಜಮಾನ್ರು ಕೊಟ್ಟಿಗೆ ಬಾಗಿಲಲ್ಲಿ ಒಂದು ತಟ್ಟೇಲಿ ಔಷಧಿ ನೀರು ಇಟ್ಟು ಕಾಲಿಟ್ಟೇ ಒಳಗೆ ಬನ್ನಿ ಅಂತಾರೆ. ನಾನೂ ದನ ಸಾಕೋನು ಅಂತ ಗೊತ್ತಾದ ಮೇಲೆ ನನ್ನ ಚಪ್ಪಲಿ ಹೊರಗೇ ಬಿಡಿಸಿ ತಮ್ಮ ಗಂಬೂಟು ಕೊಟ್ರು. ಒಂದು ಸೈಜ್ ಚಿಕ್ಕದು, ಎರಡು ದಿನ ಕುಂಟಿದೆ, ಆದ್ರೂ ಸರಿಯಾದ ಕೆಲಸ. ದನ ಇರೋ ಮನೆಯಿಂದ ಬಂದೋನ ಚಪ್ಪಲಿನೇ ಎಲ್ಲಕ್ಕಿಂತ ಅಪಾಯ.

ಕಂಪ್ಲೇಂಟುಗಳು ಬೇಗ ಹೇಳಿ ಮುಗಿಸ್ತೀನಿ. ಬೋರ್ಡ್ ಆಯ್ತು. ಆ್ಯಪಲ್ಲಿ ಇರೋದಕ್ಕೂ ಇಲ್ಲಿ ಇರೋದಕ್ಕೂ ಹೊಂದಲ್ಲ, ಸೀದಾ ಫೋನ್ ಮಾಡಿ ಬುಕ್ ಮಾಡಿ, ಅವ್ರಿಗೂ ಕಮಿಷನ್ ಉಳಿಯುತ್ತೆ. (ಆ್ಯಪಿನೋರು ದುಡ್ಡು ಕೊಡೋಕೆ ವಾರಗಟ್ಟಲೆ ಕಾಯಿಸ್ತಾರಂತೆ, ಬೆಳೆ ಮಾರಿದ ದುಡ್ಡಿಗೆ ಕಾಯ್ದು ಅಭ್ಯಾಸ ಇರೋರನ್ನೇ ಹುಡುಕಿ ಹಿಡಿದಂಗಿದೆ.) ಎರಡನೇ ದಿನ ಮಧ್ಯಾಹ್ನ ಒಂದು ಹಸು ಈಯೋಕೆ ಶುರು ಮಾಡ್ತು, ಯಜಮಾನ್ರು ನಮ್ಮನ್ನ ಅರ್ಧ ಹೊಲದಲ್ಲೇ ಬಿಟ್ಟು ಓಡಿದ್ರು, ಹೊಲ ತೋರಿಸೋದು ಅಲ್ಲಿಗೇ ಮುಗೀತು. ಪಕ್ಕದ ರೂಮಿನೋರು ಇದಕ್ಕೆ ಮುಖ ಗಂಟು ಹಾಕ್ಕೊಂಡ್ರು. ನನ್ನ ಮಗಳು ಬೇಲಿ ಹತ್ರ ನಿಂತು ಕರು ಹೊರಗೆ ಬರೋದನ್ನ ಪೂರ್ತಿ ನೋಡಿದ್ಳು, ನಮ್ಮ ಮನೇಲಿ ಹತ್ತು ಸಲ ಆಗಿದ್ರೂ ಯಾವತ್ತೂ ನಿಂತು ನೋಡಿರ್ಲಿಲ್ಲ. ಅದಕ್ಕೆ ಸ್ಟಾರ್ ಹೆಂಗೆ ಕೊಡೋದು ಗೊತ್ತಾಗ್ತಿಲ್ಲ.

ಯಾರು ಹೋಗ್ಬೇಕು: ಚಿಕ್ಕ ಮಕ್ಕಳಿರೋರು, ಬೇಗ ಏಳೋರು, ಮತ್ತೆ ನನ್ನ ಹಾಗೆ ಶುರು ಮಾಡೋ ಯೋಚನೇಲಿರೋರು. ಯಾರು ಹೋಗ್ಬಾರ್ದು: ಕೋಳಿ ಜೊತೆ ಜಗಳ ಇರೋರು.

ನಾವು ಏನು ಮಾಡ್ತಿದೀವಿ ಅಂದ್ರೆ, ರೂಮ್ ಕಟ್ತಿಲ್ಲ. ನಮ್ಮನೆಯವ್ಳು ವಾಪಸ್ ಬರ್ತಾ ಕಾರಲ್ಲೇ ಹೇಳಿದ್ಳು, ರಾತ್ರಿ ಉಳಿಯೋರು ಬೇಡ, ಕೊಯ್ಲಿನ ಕಾಲದಲ್ಲಿ ಮೂರು ಭಾನುವಾರ ಮಾತ್ರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೊಲ ತೆರೆಯೋಣ, ಊಟ ಇಲ್ಲ, ಹಾಸಿಗೆ ಇಲ್ಲ, ಗೇಟಲ್ಲಿ ಒಂದು ಮೇಜು ತಕ್ಕಡಿ, ಬಂದೋರ ಫೋನ್ ನಂಬರ್ ಬರ್ಕೊಳ್ಳೋಕೆ ಒಂದು ಪುಸ್ತಕ, ಅವಳ ಗಂಟೆ ಬರೆಯೋಕೆ ಇನ್ನೊಂದು. ದಾರಿ ಪಕ್ಕದ ಎರಡು ಸಾಲು ನೆಡೋದೂ ಬಿಡೋದೂ ಅವಳ ತೀರ್ಮಾನ. ಎರಡನೇ ಪುಸ್ತಕ ಆಗ್ಲೇ ತಗೊಂಡು ಬಂದಿದಾಳೆ, ಭಾಮೈದನಿಗೆ ಬೇಜಾರಾಗಿದೆ, ಕಾಂಟ್ರಾಕ್ಟರ್‌ಗೆ ಮಾತಾಡಿಟ್ಟಿದ್ದನಂತೆ.

ರೇಟಿಂಗ್: ಗೆಸ್ಟ್ ಆಗಿ ನಾಲ್ಕು ಸ್ಟಾರ್, ಬೋರ್ಡಿಗೆ ಅರ್ಧ, ಆ್ಯಪ್ ಗೊಂದಲಕ್ಕೆ ಅರ್ಧ ಕಳೆದು.

ಅಪ್‌ಡೇಟ್: ಬೋರ್ಡಿನ ಇನ್ನೊಂದು ಕಡೆಗೂ ಬರೆಸಿದಾರೆ, ಫೋಟೋ ಕಳಿಸಿದ್ರು. ಅರ್ಧ ಸ್ಟಾರ್ ವಾಪಸ್. ಫೋಟೋದಲ್ಲಿ ಹಿಂದೆ ಅದೇ ಎಮ್ಮೆ ನಿಂತಿದೆ.